ಕಪ್ಪೆಯಕ್ಕ ಮತ್ತೆ ಗೆರೆ ಎಳೆದಳು

ಕಪ್ಪೆಯಕ್ಕ ಎಂಬ ಹೆಸರು ಅವಳ ಬಣ್ಣಕ್ಕೋ ಕಣ್ಣಿಗೋ ಬಂದದ್ದು ಎಂದು ಯಾರೂ ತಿಳಿಯಬಾರದು. ಅದು ಅವಳು ದುಡಿದು ಸಂಪಾದಿಸಿದ ಹೆಸರು. ವಿಜ್ಞಾನದ ಪಠ್ಯಪುಸ್ತಕದಲ್ಲಿ ಹೊಟ್ಟೆ ಸೀಳಿಸಿಕೊಂಡು, ನಾಲ್ಕೂ ಕಾಲು ಚಾಚಿ ಅಂಗಾತ ಮಲಗಿದ ಕಪ್ಪೆಯೊಂದು ಇರುತ್ತದಲ್ಲ, ಒಂದೊಂದು ಅಂಗಕ್ಕೂ ಒಂದೊಂದು ಬಾಣ ಚುಚ್ಚಿಸಿಕೊಂಡು? ಅದನ್ನು ಬರೆದವಳು ಅವಳು. ಆ ಪುಸ್ತಕ ಓದಿ ಡಾಕ್ಟರಾದವರೂ, ಓದು ತಲೆಗೆ ಹತ್ತದೆ ಅಂಗಡಿ ಇಟ್ಟವರೂ ಒಂದಲ್ಲ ಒಂದು ದಿನ ಅವಳ ಕಪ್ಪೆಯನ್ನು ನೋಡಿಕೊಂಡು ಪೆನ್ಸಿಲು ಕಚ್ಚಿದವರೇ. ಪುಸ್ತಕದ ಒಳಗೆ ಅವಳ ಹೆಸರು ಎಲ್ಲೂ ಇಲ್ಲ. ಅದು ಅಚ್ಚಾಗುವ ಪ್ರೆಸ್ಸಿನಲ್ಲಿ ಮಾತ್ರ ಬಾಗಿಲು ಕಾಯುವವನಿಂದ ಯಜಮಾನರ ತನಕ ಎಲ್ಲರಿಗೂ ಅವಳು ಕಪ್ಪೆಯಕ್ಕ. ಅವಳಿಗೂ ಅದರಲ್ಲಿ ಬೇಜಾರೇನೂ ಇರಲಿಲ್ಲ.

ಬೇಜಾರಿದ್ದದ್ದು ಕೈಯದು. ಬಲಗೈ ಹೆಬ್ಬೆರಳಿನ ಬುಡದಲ್ಲಿ ಶುರುವಾದ ನೋವು ಮಣಿಕಟ್ಟು ದಾಟಿ, ಮೊಣಕೈ ತನಕ ಏರಿ, ಅಲ್ಲೇ ಸಂಸಾರ ಹೂಡಿಬಿಟ್ಟಿತ್ತು. ಬಾಚಣಿಗೆ ಹಿಡಿದರೆ ಕೈ ನಡುಗುತ್ತಿತ್ತು. ಬಟ್ಟೆ ಹಿಂಡುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ಕೊನೆಗೆ ಗಂಡ ಗದರಿಸಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದ.

"ಏನು ಕೆಲಸ ಮಾಡ್ತೀರಿ?" ಎಂದು ಡಾಕ್ಟರು ಕೇಳಿದರು.

"ಚಿತ್ರ ಬರೀತೀನಿ."

"ಚಿತ್ರ ಬರೆದ್ರೆ ಹೀಗಾಗಲ್ವಲ್ಲಮ್ಮ. ಯಾತ್ರಲ್ಲಿ ಬರೀತೀರಿ?"

"ಮೌಸಲ್ಲಿ."

ಡಾಕ್ಟರು ಬರೆಯುವುದನ್ನು ನಿಲ್ಲಿಸಿ ಅವಳ ಮುಖ ನೋಡಿದರು. "ಮೌಸಲ್ಲಿ ಚಿತ್ರಾನಾ? ಇಷ್ಟು ವರ್ಷ? ಮೊದಲು ಅದನ್ನ ಬಿಡಿ. ಬಿಡ್ಲಿಲ್ಲ ಅಂದ್ರೆ ನಾಳೆ ಈ ಕೈ ಊಟಕ್ಕೂ ಬರಲ್ಲ" ಎಂದು ಮಣಿಕಟ್ಟಿಗೊಂದು ಪಟ್ಟಿ ಕಟ್ಟಿಸಿ ಕಳಿಸಿದರು.

ಬಿಡಿ ಎನ್ನುವುದು ಸುಲಭ. ಹೇಳುವವರಿಗೇನು, ಬಾಯಿ ತೆರೆದರೆ ಆಯಿತು. ಕಪ್ಪೆಯಕ್ಕನಿಗೆ ಆ ಕೆಲಸ ಬಿಟ್ಟರೆ ಬೇರೆ ಕೆಲಸ ಗೊತ್ತಿರಲಿಲ್ಲ, ಬೇರೆ ಕೆಲಸ ಬೇಕಾಗಿಯೂ ಇರಲಿಲ್ಲ.

ಅವಳು ಪ್ರೆಸ್ಸಿಗೆ ಸೇರಿದಾಗ ಇನ್ನೂ ಎರಡು ಜಡೆಯ ಹುಡುಗಿ. ಆಗ ಅಲ್ಲಿ ಕಂಪ್ಯೂಟರ್ ಇರಲಿಲ್ಲ. ಕಿಟಕಿಯ ಪಕ್ಕ ಇಳಿಜಾರು ಮೇಜು, ಉಕ್ಕಿನ ನಿಬ್ಬು, ಕಪ್ಪು ಇಂಕು, ಅರೆಪಾರದರ್ಶಕ ಟ್ರೇಸಿಂಗ್ ಹಾಳೆ. ನಿಬ್ಬು ಒತ್ತಿದರೆ ಗೆರೆ ದಪ್ಪ, ಸಡಿಲ ಬಿಟ್ಟರೆ ಕೂದಲೆಳೆ. ಕಪ್ಪೆಯ ತೊಡೆಯ ಹತ್ತಿರ ಒತ್ತಿ ಹಿಡಿದು, ಬೆರಳ ತುದಿಗೆ ಬರುವಾಗ ಉಸಿರು ಕಟ್ಟಿ ಕೈ ತೇಲಿಸಿದಳೆಂದರೆ, ಅದು ಹಾಳೆ ಬಿಟ್ಟು ನೆಗೆದೀತೇ ಎಂದು ನೋಡಿದವರು ಹಿಂದೆ ಸರಿಯಬೇಕು. ಹಾಗೆಂದು ಹಳಬರು ಈಗಲೂ ಹೇಳುತ್ತಾರೆ. ಸ್ವಲ್ಪ ಉಪ್ಪು ಖಾರ ಸೇರಿಸಿಯೇ ಹೇಳುತ್ತಾರೆನ್ನಿ, ಆದರೆ ಸುಳ್ಳಲ್ಲ.

ಆಮೇಲೆ ಕಂಪ್ಯೂಟರ್ ಬಂತು. ಇಳಿಜಾರು ಮೇಜು ಗುಜರಿಗೆ ಹೋಯಿತು. ಅವಳ ಕೈಗೆ ಒಂದು ಮೌಸ್ ಕೊಟ್ಟು, "ಇನ್ಮೇಲೆ ಇದೇ ನಿನ್ನ ಪೆನ್ನು" ಎಂದರು. ಸಾಬೂನಿನ ತುಂಡು ಹಿಡಿದುಕೊಂಡು ಚಿತ್ರ ಬರೆ ಎಂದ ಹಾಗೆ! ಜೊತೆಯಲ್ಲಿದ್ದ ಚಿತ್ರಗಾರರು ಒಬ್ಬೊಬ್ಬರಾಗಿ ಕೈ ಚೆಲ್ಲಿ ಹೊರಟುಹೋದರು. ಕಪ್ಪೆಯಕ್ಕ ಹಠಮಾರಿ. ಗೆರೆ ಎಳೆಯಲು ಬರದಿದ್ದರೆ ಕಟ್ಟೋಣ ಎಂದುಕೊಂಡಳು. ಇಲ್ಲೊಂದು ಚುಕ್ಕಿ, ಅಲ್ಲೊಂದು ಚುಕ್ಕಿ, ನಡುವಿನ ಗೆರೆಯನ್ನು ಹಿಡಿದೆಳೆದು ಬಗ್ಗಿಸುವುದು, ಮತ್ತೆ ಚುಕ್ಕಿ. ಒಂದು ಕಪ್ಪೆಗೆ ಲೆಕ್ಕವಿಲ್ಲದಷ್ಟು ಕ್ಲಿಕ್ಕು. ಮೌಸು ಮೇಜಿನ ಅಂಚಿಗೆ ಬಂದರೆ ಎತ್ತಿ ಹಿಂದಕ್ಕಿಟ್ಟು ಮತ್ತೆ ತಳ್ಳುವುದು. ಕೈ ಹೋದದ್ದು ಹೀಗೆ. ಗೆರೆಯೂ ಹೋಗಿತ್ತು. ತಂತಿ ಬಗ್ಗಿಸಿದಂತೆ ಎಲ್ಲ ಕಡೆ ಒಂದೇ ದಪ್ಪ. ಯಾರೂ ಅದನ್ನು ಎತ್ತಿ ತೋರಿಸಲಿಲ್ಲ, ಬಹುಶಃ ಯಾರಿಗೂ ಗೊತ್ತಾಗಲೂ ಇಲ್ಲ. ಅವಳಿಗೆ ಗೊತ್ತಿತ್ತು. ಹೊಸ ಪುಸ್ತಕ ಅಚ್ಚಾಗಿ ಬಂದಾಗ ತನ್ನ ಚಿತ್ರದ ಪುಟಗಳನ್ನು ಬೇಗ ಬೇಗ ಮಗುಚಿಬಿಡುತ್ತಿದ್ದಳು.

ಡಾಕ್ಟರ ಮಾತು ಯಜಮಾನರ ಕಿವಿಗೂ ಬಿತ್ತು. ಅವರು ಕೆಟ್ಟವರಲ್ಲ, ಆದರೆ ವ್ಯಾಪಾರಸ್ಥರು. ಅವಳನ್ನು ಕರೆದು ಕೂರಿಸಿದರು.

"ನೋಡಮ್ಮ, ಹೊಸ ವಿಜ್ಞಾನದ ಪುಸ್ತಕ ಬರ್ತಿದೆ. ಪುಸ್ತಕ ಮಂಡಳಿಯಿಂದ ಮೇಡಂ ಒಬ್ರು ಬರ್ತಾರೆ. ಮನುಷ್ಯನ ದೇಹದ ಪಾಠ ನೋಡಿ, ಒಪ್ಪಿದ್ರೆ ಪುಸ್ತಕ ನಮಗೆ, ಇಲ್ಲಾಂದ್ರೆ ಎದುರು ಪ್ರೆಸ್ಸಿಗೆ. ನಿನ್ನ ಕೈ ನಂಬ್ಕೊಂಡು ಕೂತ್ರೆ ಆಗಲ್ಲ. ಚಿತ್ರಗಳನ್ನ ರೆಡಿಮೇಡ್ ತರಿಸ್ತಿದ್ದೀನಿ. ನೀನು ಬೈಂಡಿಂಗ್ ಕಡೆ ಹೋಗಿ ಹಾಳೆ ಜೋಡಿಸು. ಕೈಗೂ ವಿಶ್ರಾಂತಿ."

"ಮತ್ತೆ ಚಿತ್ರ ಸಾರ್?"

"ಚಿತ್ರ ಸಾಕಮ್ಮ. ಬೇಕಾದಷ್ಟು ಬರೆದಿದ್ದೀಯಲ್ಲ."

ಸಾಕು ಎನ್ನುವ ಮಾತನ್ನು ಊಟದ ಎಲೆಯ ಮುಂದೆ ಉಣ್ಣುವವರು ಹೇಳಬೇಕು, ಬಡಿಸುವವರು ಹೇಳಬಾರದು. ಕಪ್ಪೆಯಕ್ಕ ಎದ್ದು ಬಂದಳು.

ಮನೆಗೆ ಬಂದವಳೇ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಗಳಗಳನೆ ಅತ್ತಳು. ಗಂಡ ಸಿಟಿ ಬಸ್ಸಿನ ಡ್ರೈವರ್, ಅವನಿನ್ನೂ ಬಂದಿರಲಿಲ್ಲ. ಮನೆಯಲ್ಲಿದ್ದದ್ದು ಅತ್ತೆ ಮತ್ತು ನಾದಿನಿ. ಅತ್ತೆಯ ಬಾಯಿ ಜೋರು, ಕರುಳು ಮೆದು.

"ಅಳು, ಅಳು. ಆ ಹಾಳು ಮೌಸು ಹೋಯ್ತಲ್ಲ ಅಂತ ಅಳ್ತೀಯಾ? ಹೋದ್ರೆ ಪೀಡೆ ಹೋಯ್ತು ಅನ್ನು."

"ಮೌಸಿಗೆ ಅಲ್ಲ ಅತ್ತೆ, ಗೆರೆಗೆ" ಎಂದಳು ಸೊಸೆ. ಅತ್ತೆಗೆ ಅರ್ಥವಾಗಲಿಲ್ಲ, ಆದರೂ ಸೆರಗಿನಿಂದ ಅವಳ ಮುಖ ಒರೆಸಿದಳು.

ನಾದಿನಿ ಶಾಲೆಯಲ್ಲಿ ಗಣಿತದ ಟೀಚರು. ಅವಳು ಬಾಗಿಲಲ್ಲೇ ನಿಂತು ಯೋಚಿಸುತ್ತಿದ್ದವಳು ಇದ್ದಕ್ಕಿದ್ದಂತೆ ಹಣೆ ಚಚ್ಚಿಕೊಂಡಳು.

"ಅತ್ತಿಗೆ! ನನ್ನ ಹತ್ರ ಪೆನ್ ಟ್ಯಾಬ್ಲೆಟ್ ಇತ್ತಲ್ಲ! ಕಪ್ಪು ಹಲಗೆ ಥರ. ಮನೆಯಿಂದಲೇ ಪಾಠ ಮಾಡ್ತಿದ್ದಾಗ ತಂದಿದ್ದು. ಅದರ ಮೇಲೆ ಪೆನ್ನಲ್ಲಿ ಬರೆದ್ರೆ ಕಂಪ್ಯೂಟರಲ್ಲಿ ಮೂಡುತ್ತೆ. ಮೌಸೇ ಬೇಡ."

"ಎಲ್ಲಿದೆ?" ಕಪ್ಪೆಯಕ್ಕ ಎದ್ದು ನಿಂತಿದ್ದಳು.

ಹುಡುಕಾಟ ಶುರುವಾಯಿತು. ಬೀರು ಕೆದಕಿದರು, ಅಟ್ಟದ ಸಾಮಾನು ಇಳಿಸಿದರು, ಮಂಚದ ಕೆಳಗೆ ತೂರಿದರು. ಅತ್ತೆ ಮಾತ್ರ ತನ್ನ ಕುರ್ಚಿಯಲ್ಲಿ ಕೂತು, ಜಗ್ಗಿನಿಂದ ನೀರು ಬಗ್ಗಿಸಿಕೊಂಡು ತಣ್ಣಗೆ ಕುಡಿಯುತ್ತಿದ್ದಳು. ಆ ಜಗ್ಗಿನ ಕೆಳಗೆ ಹೊಳೆಯುವ ಕಪ್ಪು ತಟ್ಟೆ.

"ಅಮ್ಮಾ! ಅದೇ ಅಲ್ವೇನೇ ಅದು!"

"ಇದಾ? ಇದು ನನ್ನ ನೀರಿನ ತಟ್ಟೆ. ಅಂಚಿಲ್ಲ ಅನ್ನೋದೊಂದೇ ಕೊರತೆ, ಚೆಲ್ಲಿದ ನೀರೆಲ್ಲ ಕೆಳಗೆ ಹೋಗುತ್ತೆ."

"ಮತ್ತೆ ಇದರ ಪೆನ್ನು?"

ಅತ್ತೆ ತಲೆದಿಂಬಿನ ಅಡಿಯಿಂದ ಪೆನ್ನು ತೆಗೆದುಕೊಟ್ಟಳು. "ಬೆನ್ನು ಕೆರ್ಕೊಳ್ಳೋಕೆ ಸ್ವಲ್ಪ ಗಿಡ್ಡ. ಆದ್ರೂ ಇರ್ಲಿ ಅಂತ ಇಟ್ಕೊಂಡಿದ್ದೆ."

ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಇದಕ್ಕೇ. ಕೈಗೆ ಬೇಕಾದ ಔಷಧಿ ಇಷ್ಟು ದಿನ ಅತ್ತೆಯ ನೀರಿನ ಜಗ್ಗು ಹೊತ್ತುಕೊಂಡು ಮನೆಯಲ್ಲೇ ಕೂತಿತ್ತು. ಒರೆಸಿ, ತಂತಿ ಹುಡುಕಿ, ನಾದಿನಿಯ ಕಂಪ್ಯೂಟರಿಗೆ ಸಿಕ್ಕಿಸಿದರು. ಹಲಗೆಯ ಮೂಲೆಯಲ್ಲಿ ಪುಟ್ಟ ದೀಪ ಹೊತ್ತಿಕೊಂಡಿತು. ಕಪ್ಪೆಯಕ್ಕನಿಗೆ ಅಷ್ಟೇ ಸಾಕಾಯಿತು. ಸರಿಯಾಗಿ ಒಂದು ಗೆರೆ ಎಳೆದು ನೋಡುವ ತಾಳ್ಮೆಯೂ ಇಲ್ಲದೆ ಮರುದಿನವೇ ಅದನ್ನು ಚೀಲಕ್ಕೆ ಹಾಕಿಕೊಂಡು ಪ್ರೆಸ್ಸಿಗೆ ಹೊರಟಳು.

ಅವಸರದ ಫಲ ಅಲ್ಲೇ ಸಿಕ್ಕಿತು.

ಪ್ರೆಸ್ಸಿನಲ್ಲಿ ಪುಟ ಜೋಡಿಸುವವನೊಬ್ಬನಿದ್ದ. ಯಾವ ಕೆಲಸಕ್ಕೂ ಎರಡು ಬೆರಳು ಒತ್ತಿ ಮುಗಿಸುವ ದಾರಿ ಗೊತ್ತಿದ್ದವನು, ಅದಕ್ಕೇ ಎಲ್ಲರೂ ಅವನನ್ನು ಶಾರ್ಟ್‌ಕಟ್ ಎಂದೇ ಕರೆಯುತ್ತಿದ್ದರು. "ಇದಕ್ಕೆ ಡ್ರೈವರ್ ಅಂತ ಒಂದು ಸಾಫ್ಟ್‌ವೇರ್ ಹಾಕ್ಬೇಕು ಅಕ್ಕ, ಹಾಗೇ ಸಿಕ್ಕಿಸಿದ್ರೆ ಪೂರ್ತಿ ಕೆಲಸ ಮಾಡಲ್ಲ" ಎಂದು ಅವನೇ ಅದನ್ನು ಅವಳ ಕಂಪ್ಯೂಟರಿಗೆ ಹಾಕಿಕೊಟ್ಟ. ಅಷ್ಟರ ಮಟ್ಟಿಗೆ ಒಳ್ಳೆಯವನು. ಆಮೇಲೆ ಕೈಕಟ್ಟಿ ನಿಂತು ತಮಾಷೆ ನೋಡಿದ.

ಕಪ್ಪೆಯಕ್ಕ ಪೆನ್ನು ಹಿಡಿದಳು. ತುದಿಯನ್ನು ಹಲಗೆಗೆ ತಾಗಿಸಿ ಬಲಕ್ಕೆ ತಳ್ಳಿದಳು. ಕರ್ಸರು ಬಲಕ್ಕೆ ಹೋಯಿತು. ಇನ್ನೂ ಬಲಕ್ಕೆ ಹೋಗಲಿ ಎಂದು, ಇಷ್ಟು ವರ್ಷ ಮೌಸನ್ನು ಎತ್ತಿ ಹಿಂದಕ್ಕೆ ಇಡುತ್ತಿದ್ದ ಅಭ್ಯಾಸದಲ್ಲೇ ಪೆನ್ನನ್ನು ಎತ್ತಿ ಎಡಕ್ಕಿಟ್ಟು ಮತ್ತೆ ತಳ್ಳಿದಳು. ಕರ್ಸರು ಛಂಗನೆ ಎಡಕ್ಕೆ ನೆಗೆಯಿತು. ಗಾಬರಿಯಾಗಿ ಮತ್ತೆ ಎತ್ತಿಟ್ಟಳು. ಅದು ಮೇಲಿನ ಮೂಲೆಗೆ ಹಾರಿತು. ಕೈ ನೋಡಿದರೆ ಪರದೆ ತಪ್ಪುತ್ತಿತ್ತು, ಪರದೆ ನೋಡಿದರೆ ಕೈ ಎಲ್ಲಿದೆಯೋ ತಿಳಿಯುತ್ತಿರಲಿಲ್ಲ. ಹೊಸ ಪಾಠದ ಕಿವಿ ಬರೆಯಲು ಹೊರಟದ್ದು, ಪರದೆಯ ತುಂಬ ಗೀಚು.

"ಅಕ್ಕಾ, ಕಪ್ಪೆ ಬರೆದೂ ಬರೆದೂ ಕರ್ಸರಿಗೂ ಕಪ್ಪೆ ಬುದ್ಧಿ ಬಂದುಬಿಟ್ಟಿದೆ ನೋಡಿ!" ಎಂದ ಶಾರ್ಟ್‌ಕಟ್. ಸುತ್ತ ಇದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಈ ಹಲಗೆ ಸರಿ ಇಲ್ಲ" ಎಂದಳು ಅವಳು, ಮುಖ ಕೆಂಪಗೆ ಮಾಡಿಕೊಂಡು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಹಾಗೆ ಹೇಳುತ್ತಿರುವುದು ಅವಳಿಗೇ ಗೊತ್ತಾಗಿ ಇನ್ನಷ್ಟು ಅವಮಾನವಾಯಿತು.

ಆ ಹೊತ್ತಿಗೇ ಯಜಮಾನರು ಬರಬೇಕೆ! ಪರದೆಯ ಮೇಲಿನ ಗೀಚು ನೋಡಿದರು, ನಿಟ್ಟುಸಿರು ಬಿಟ್ಟರು. "ಯಾಕಮ್ಮ ಈ ಕಷ್ಟ? ಬೈಂಡಿಂಗಲ್ಲಿ ಕುರ್ಚಿ ಹಾಕ್ಸಿದ್ದೀನಿ, ಹೋಗು" ಎಂದರು. ಅವಳು ಹಲಗೆಯನ್ನು ಚೀಲಕ್ಕೆ ತುರುಕಿಕೊಂಡು ಹೋಗಿ ಹಾಳೆ ಜೋಡಿಸಲು ಕೂತಳು. ಬೈಂಡಿಂಗಿನವರು ಜಾಗ ಬಿಟ್ಟು, ಮಾತಾಡಿಸಿ, ತಿಂಡಿ ಹಂಚಿಕೊಂಡರು. ಅವರು ಅಷ್ಟು ಒಳ್ಳೆಯವರಾಗಿದ್ದದ್ದೇ ಅವಳಿಗೆ ತಡೆಯಲಾಗದ ಹಾಗಾಯಿತು.

ಮೇಡಂ ಬರುವ ದಿನ ಹತ್ತಿರವಾಗುತ್ತಿತ್ತು. ರೆಡಿಮೇಡ್ ಚಿತ್ರಗಳು ಒಮ್ಮೆ ಪುಟಕ್ಕೆ ಕೂತು ಒಪ್ಪಿಗೆಯಾದರೆ ಮುಗಿಯಿತು, ಆ ಪ್ರೆಸ್ಸಿನಲ್ಲಿ ಇನ್ನು ಯಾರೂ ಚಿತ್ರ ಬರೆಯುವುದಿಲ್ಲ. ಕಪ್ಪೆಯಕ್ಕ ದಿನವೂ ಸಂಜೆ ಮನೆಗೆ ಬಂದು, ಕೈಕಾಲು ತೊಳೆದು, ನಾದಿನಿಯ ಮೇಜಿಗೆ ಕೂರುತ್ತಿದ್ದಳು.

"ಅತ್ತಿಗೆ, ಅದನ್ನ ಮೌಸ್ ಥರ ಎತ್ತಿ ಎತ್ತಿ ಇಡಬೇಡಿ" ಎಂದು ನಾದಿನಿ ಹೇಳಿಕೊಟ್ಟಳು. "ಈ ಹಲಗೆ ಅಂದ್ರೆ ಪರದೆನೇ, ಮಲಗಿಸಿದ್ದೀವಿ ಅಷ್ಟೆ. ಹಲಗೆಯ ಈ ಮೂಲೆ ಮುಟ್ಟಿದ್ರೆ ಪರದೆಯ ಈ ಮೂಲೆ. ನಡುವೆ ಮುಟ್ಟಿದ್ರೆ ನಡುವೆ. ಎಲ್ಲಿಗೆ ಬೇಕೋ ಅಲ್ಲಿಗೇ ಹೋಗಿ ಮುಟ್ಟೋದು. ಕಾಗದದ ಮೇಲೆ ಬರೀವಾಗ ಪೆನ್ನನ್ನ ತಳ್ಕೊಂಡು ಹೋಗ್ತೀರಾ?"

ತಲೆಗೆ ಅರ್ಥವಾಯಿತು. ಕೈಗೆ ಆಗಬೇಕಲ್ಲ! ಮೌಸು ಕಲಿಸಿದ ಚಾಳಿ ಮೂಳೆಗೆ ಇಳಿದಿತ್ತು. ಬರೆಯುತ್ತ ಬರೆಯುತ್ತ ಕಣ್ಣು ತಾನಾಗಿ ಕೆಳಗೆ, ಕೈಯ ಕಡೆಗೆ ಜಾರುತ್ತಿತ್ತು. ಅಲ್ಲಿ ನೋಡಿದರೆ ಖಾಲಿ ಕಪ್ಪು ಹಲಗೆ. ಅಷ್ಟರಲ್ಲಿ ಮೇಲೆ ಗೆರೆ ಗಟಾರಕ್ಕೆ ಬಿದ್ದಿರುತ್ತಿತ್ತು.

ಗಂಡ ಒಂದು ಸಂಜೆ ಡ್ಯೂಟಿ ಮುಗಿಸಿ ಬಂದು, ಅವಳ ಹಿಂದೆ ನಿಂತು ಇದನ್ನೆಲ್ಲ ನೋಡಿದ. ಅವನು ಮಾತು ಕಮ್ಮಿ ಮನುಷ್ಯ. ಬಸ್ಸು ಓಡಿಸುವವರಿಗೆ ದಿನವಿಡೀ ಇನ್ನೊಬ್ಬರ ಮಾತು ಕೇಳಿಯೇ ಸಾಕಾಗಿರುತ್ತದೆ.

"ಯಾಕೆ ಕೈ ನೋಡ್ತೀಯಾ?" ಎಂದ.

"ಕೈ ನೋಡ್ದೆ ಹೇಗ್ರೀ ಬರೆಯೋದು?"

"ನಾನು ಸ್ಟೀರಿಂಗ್ ನೋಡ್ಕೊಂಡು ಬಸ್ ಓಡಿಸಿದ್ರೆ ನೀನು ನನ್ನ ಬಸ್ ಹತ್ತೀಯಾ?"

ಅವಳು ತಿರುಗಿ ಅವನ ಮುಖ ನೋಡಿದಳು.

"ರಸ್ತೆ ನೋಡು" ಎಂದ ಅವನು. "ಎಲ್ಲಿಗೆ ಹೋಗ್ಬೇಕೋ ಅಲ್ಲಿ ನೋಡು. ಕೈ ತಾನಾಗೇ ಬರುತ್ತೆ. ಕಲಿಯೋವಾಗ ನಂಗೂ ಭಯ ಇತ್ತು, ಗೇರ್ ನೋಡಿ ನೋಡಿ ಹಾಕ್ತಿದ್ದೆ. ನಮ್ಮ ಗುರುಗಳು ತಲೆಗೊಂದು ಬಿಟ್ರು, ಆಮೇಲೆ ನೋಡ್ಲಿಲ್ಲ."

"ನಂಗೂ ತಲೆಗೊಂದು ಬಿಡ್ತೀರೇನೋ!"

"ಅಷ್ಟು ಧೈರ್ಯ ಇಲ್ಲಮ್ಮ" ಎಂದು ಅವನು ಊಟಕ್ಕೆ ಹೋದ.

ಕಪ್ಪೆಯಕ್ಕ ಒಂದು ಟವೆಲನ್ನು ಕೈಯ ಮೇಲೆ ಹೊದಿಸಿಕೊಂಡಳು. ಈಗ ನೋಡಬೇಕೆಂದರೂ ಕೈ ಕಾಣುವುದಿಲ್ಲ. ಕಣ್ಣು ಪರದೆಗೆ ನೆಟ್ಟು, ಹೋಗಬೇಕಾದ ಜಾಗ ನೋಡಿದಳು. ಪೆನ್ನು ಅಲ್ಲಿಗೆ ಹೋಯಿತು. ಇನ್ನೊಂದು ಜಾಗ ನೋಡಿದಳು, ಅಲ್ಲಿಗೂ ಹೋಯಿತು. ಅತ್ತೆ ಇಣುಕಿ ನೋಡಿ, "ಏನೇ ಇದು, ಕೈಗೆ ಚಳಿನಾ?" ಎಂದು ಕೇಳಿ ಹೋದಳು. ಆ ವಾರವಿಡೀ ಟವೆಲು ಅಲ್ಲಿಂದ ಕದಲಲಿಲ್ಲ. ಕೈಗೆ ನೋವಿರಲಿಲ್ಲ ಎಂದಲ್ಲ, ಆದರೆ ಅದು ಮೌಸಿನ ಆ ಉರಿಯಲ್ಲ. ಪೆನ್ನು ಹಿಡಿದಾಗ ಮಣಿಕಟ್ಟು ಪಕ್ಕಕ್ಕೆ ವಾಲಿ ಆರಾಮಾಗಿ ಕೂರುತ್ತಿತ್ತು, ತೋಳೆಲ್ಲ ಸೇರಿ ಕೆಲಸ ಮಾಡುತ್ತಿತ್ತು. ದಿನ ಕಳೆದಂತೆ ನೋವು ಇಳಿಯತೊಡಗಿತು.

ಈಗ ಗೆರೆ ಹೇಳಿದ ಕಡೆ ಹೋಗುತ್ತಿತ್ತು. ಆದರೆ ಹಳೆಯ ತಂತಿಗೆರೆಯೇ. ಒತ್ತಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ನಾದಿನಿಗೂ ತಿಳಿಯಲಿಲ್ಲ, ಕೂಡುವ ಕಳೆಯುವ ಲೆಕ್ಕಕ್ಕೆ ದಪ್ಪ ಗೆರೆ ಯಾಕೆ ಬೇಕು? ಆಗ ಕಪ್ಪೆಯಕ್ಕನಿಗೆ ಶಾರ್ಟ್‌ಕಟ್ ಅಂದಿದ್ದು ನೆನಪಾಯಿತು.

"ಇದಕ್ಕೆ ಡ್ರೈವರ್ ಹಾಕ್ಬೇಕಂತೆ ಕಣೆ" ಎಂದಳು ನಾದಿನಿಗೆ.

"ಡ್ರೈವರ್ ಮನೇಲೇ ಇದ್ದಾನಲ್ಲ, ಉಂಡು ಮಲಗಿದ್ದಾನೆ. ಎಬ್ಬಿಸಲಾ?" ಎಂದಳು ಅತ್ತೆ.

ನಗು ನಿಂತ ಮೇಲೆ ನಾದಿನಿ ಇಂಟರ್‌ನೆಟ್ಟಿನಿಂದ ಬೇಕಾದದ್ದನ್ನು ಇಳಿಸಿ ಹಾಕಿದಳು. ಕಂಪ್ಯೂಟರ್ ಆರಿ ಹೊತ್ತಿಕೊಂಡಿತು. ಕಪ್ಪೆಯಕ್ಕ ಪೆನ್ನು ಹಿಡಿದು, ಏನು ಬರೆಯಬೇಕೆಂದು ಯೋಚಿಸದೆ, ಸುಮ್ಮನೆ ಒಂದು ಬಾಗಿದ ಗೆರೆ ಎಳೆದಳು. ನಡುವಿನಲ್ಲಿ ಕೈ ತಾನಾಗಿ ಒತ್ತಿತು, ಕೊನೆಯಲ್ಲಿ ತಾನಾಗಿ ಹಗುರಾಯಿತು. ಪರದೆಯ ಮೇಲೆ ಗೆರೆ ಸಣ್ಣದಾಗಿ ಹುಟ್ಟಿ, ಹೊಟ್ಟೆ ತುಂಬಿಕೊಂಡು, ಕೂದಲೆಳೆಯಾಗಿ ಮುಗಿಯಿತು.

ಅವಳು ಇನ್ನೊಂದು ಎಳೆದಳು. ಮತ್ತೊಂದು. ಕೈಗೆ ಎಲ್ಲವೂ ನೆನಪಿತ್ತು! ಇಷ್ಟು ವರ್ಷ ಚುಕ್ಕಿ ಇಟ್ಟು ಇಟ್ಟು ಸತ್ತೇಹೋಗಿದೆ ಎಂದುಕೊಂಡಿದ್ದ ಕೈ, ಎರಡು ಜಡೆಯ ಹುಡುಗಿಯ ಕೈ, ಅಲ್ಲೇ ಇತ್ತು. ಅವಳ ಕಣ್ಣಿಂದ ನೀರು ಸುರಿಯತೊಡಗಿತು.

"ಮತ್ತೆ ಯಾಕೆ ಅಳ್ತೀಯೇ?" ಅತ್ತೆ ಓಡಿಬಂದಳು.

"ಗೆರೆ ದಪ್ಪ ಆಯ್ತು ಅತ್ತೆ."

ಅತ್ತೆ ಪರದೆ ನೋಡಿದಳು, ಸೊಸೆಯ ಮುಖ ನೋಡಿದಳು. "ದಪ್ಪ ಆದ್ರೆ ಆಗ್ಲಿ ಬಿಡು, ಸಣ್ಣ ಮಾಡಿದ್ರಾಯ್ತು" ಎಂದು ಸಮಾಧಾನ ಮಾಡಿದಳು. ಕಪ್ಪೆಯಕ್ಕ ಅಳುತ್ತಲೇ ನಕ್ಕುಬಿಟ್ಟಳು. ನಕ್ಕು ಅತ್ತೆಯನ್ನು ಬಿಗಿಯಾಗಿ ತಬ್ಬಿಕೊಂಡಳು.

ಮಂಡಳಿಯ ಮೇಡಂ ಬಂದರು. ಬಹಳ ವರ್ಷ ಶಾಲೆಯಲ್ಲಿ ಪಾಠ ಮಾಡಿದವರು, ಕನ್ನಡಕದ ಮೇಲಿಂದ ನೋಡುವ ಅಭ್ಯಾಸ. ಯಜಮಾನರು ಕುರ್ಚಿ ಒರೆಸಿ ಕೂರಿಸಿ, ಪುಟಗಳನ್ನು ಮುಂದೆ ಹರಡಿದರು. ರೆಡಿಮೇಡ್ ಚಿತ್ರಗಳು ಚೆನ್ನಾಗಿಯೇ ಇದ್ದವು, ಸುಳ್ಳು ಯಾಕೆ ಹೇಳಬೇಕು? ಬಣ್ಣ, ಹೊಳಪು, ನೆರಳು. ಕಿವಿಯ ಚಿತ್ರವಂತೂ ಮುಟ್ಟಿದರೆ ಬೆಚ್ಚಗಿರಬಹುದು ಎನ್ನುವಷ್ಟು ನಿಜ. ಬೈಂಡಿಂಗ್ ಮೇಜು ಅದೇ ಹಾಲಿನ ಕೊನೆಯಲ್ಲಿ. ಕಪ್ಪೆಯಕ್ಕ ಹಾಳೆ ಜೋಡಿಸುತ್ತ ಕಿವಿಯನ್ನೆಲ್ಲ ಅಲ್ಲೇ ಇಟ್ಟಿದ್ದಳು. ಆ ದಿನ ಹಲಗೆಯನ್ನೂ ಚೀಲಕ್ಕೆ ಹಾಕಿಕೊಂಡು ಬಂದಿದ್ದಳು.

ಮೇಡಂ ಕಿವಿಯ ಪುಟವನ್ನು ಬಹಳ ಹೊತ್ತು ನೋಡಿದರು.

"ಚಿತ್ರ ಸುಂದರವಾಗಿದೆ. ಆದ್ರೆ ಪರೀಕ್ಷೇಲಿ 'ಕಿವಿಯ ಚಿತ್ರ ಬರೆದು ಭಾಗಗಳನ್ನು ಗುರುತಿಸಿ' ಅಂತ ಕೇಳ್ತೀವಿ. ಮಕ್ಕಳ ಕೈಲಿ ಇರೋದು ಒಂದು ಪೆನ್ಸಿಲ್ಲು. ಇದನ್ನ ನೋಡ್ಕೊಂಡು ಮಗು ಹೇಗೆ ಬರೆಯುತ್ತೆ? ಎಲ್ಲಿ ಶುರು ಮಾಡುತ್ತೆ? ಇದ್ರಲ್ಲಿ ಗೆರೆನೇ ಇಲ್ವಲ್ಲ."

ಯಜಮಾನರ ಮುಖ ಇಳಿಯಿತು. "ಒಂದು ವಾರ ಕೊಡಿ ಮೇಡಂ, ಗೆರೆಚಿತ್ರ ತರಿಸ್ತೀನಿ."

"ವಾರ ಎಲ್ಲಿಂದ ತರ್ಲಿ? ಇವತ್ತೇ ನಿರ್ಧಾರ ಹೇಳ್ಬೇಕು ನಾನು. ಎದುರು ಪ್ರೆಸ್ಸಿನವರದ್ದೂ ನೋಡೋದಿದೆ." ಮೇಡಂ ಕೈಚೀಲ ಎತ್ತಿಕೊಂಡು ಎದ್ದರು.

ಹಾಲಿನ ಕೊನೆಯಲ್ಲಿ ಕುರ್ಚಿ ಸರಿದ ಸದ್ದಾಯಿತು.

"ನಾನು ಬರೀತೀನಿ" ಎಂದಳು ಕಪ್ಪೆಯಕ್ಕ. ಎಲ್ಲರೂ ತಿರುಗಿ ನೋಡಿದಾಗ ಇನ್ನೊಮ್ಮೆ, ಗಟ್ಟಿಯಾಗಿ ಹೇಳಿದಳು. "ಈಗಲೇ ಬರೀತೀನಿ ಮೇಡಂ, ನಿಮ್ಮ ಮುಂದೇನೇ."

"ಅಮ್ಮಾ, ಬೇಡ" ಎಂದರು ಯಜಮಾನರು, ಹಲ್ಲು ಕಚ್ಚಿ.

"ಬರೀಲಿ ಬಿಡಿ" ಎಂದು ಮೇಡಂ ಕೂತರು.

ತನ್ನ ಹಳೆಯ ಕಂಪ್ಯೂಟರಿನ ಮುಂದೆ ಅವಳು ಕೂತಳು. ಹಲಗೆ ಸಿಕ್ಕಿಸಿದಳು. ಶಾರ್ಟ್‌ಕಟ್ ಪಕ್ಕಕ್ಕೆ ಬಂದು ನಿಂತ. ನಗುವುದಕ್ಕೆ ಬಾಯಿ ಸಜ್ಜು ಮಾಡಿಕೊಂಡಿದ್ದ ಎಂದೇ ಹೇಳಬೇಕು. ಮೊದಲ ಗೆರೆಗೆ ಕೈ ಹೆದರಿ ಹಳೆಯ ಚಾಳಿಗೆ ತಿರುಗಿತು. ಪೆನ್ನು ಎತ್ತಿ ಹಿಂದಕ್ಕಿಟ್ಟಳು, ಕರ್ಸರು ಛಂಗನೆ ಹಾರಿತು. ಯಾರೋ ಕಿಸಕ್ಕೆಂದರು. ಕಪ್ಪೆಯಕ್ಕ ಕಣ್ಣು ಮುಚ್ಚಿ ಒಂದು ಉಸಿರೆಳೆದುಕೊಂಡಳು. ಕಣ್ಣು ತೆರೆದಾಗ ಕೈ ನೋಡಲಿಲ್ಲ, ಯಜಮಾನರನ್ನೂ ನೋಡಲಿಲ್ಲ. ಖಾಲಿ ಪರದೆಯ ಮೇಲೆ ಕಿವಿ ಎಲ್ಲಿ ಬರಬೇಕೋ ಅಲ್ಲಿ ನೋಡಿದಳು.

ಕಿವಿಯ ಹೊರಅಂಚು ಒಂದೇ ಎಳೆತಕ್ಕೆ ಬಂತು, ಮೇಲೆ ದಪ್ಪ, ಹಾಲೆಯ ಹತ್ತಿರ ಮೆತ್ತಗೆ. ಅಲ್ಲಿಂದ ಒಳಗೆ ಹೋಗುವ ಕಾಲುವೆಗೆ ಎರಡು ಗೆರೆ. ಕೊನೆಯಲ್ಲಿ ಓರೆಯಾಗಿ ತಮಟೆ. ಅದಕ್ಕೆ ಅಂಟಿಕೊಂಡ ಪುಟಾಣಿ ಮೂಳೆಗಳು. ಅವಳು ಒತ್ತುತ್ತಿದ್ದಳು, ಬಿಡುತ್ತಿದ್ದಳು, ಮತ್ತೆ ಒತ್ತುತ್ತಿದ್ದಳು.

"ನಿಲ್ಲಿ" ಎಂದರು ಮೇಡಂ ಇದ್ದಕ್ಕಿದ್ದಂತೆ.

ಕಪ್ಪೆಯಕ್ಕನ ಕೈ ನಿಂತಿತು.

"ಒಂದು ಹಾಳೆ, ಪೆನ್ಸಿಲ್ ಕೊಡಿ ನನಗೆ. ಮೊದಲಿಂದ ಬರೀರಿ, ನಿಧಾನಕ್ಕೆ. ನಾನೂ ಜೊತೇಲಿ ಬರೀತೀನಿ."

ಶಾರ್ಟ್‌ಕಟ್ ಓಡಿ ಹೋಗಿ ಪೆನ್ಸಿಲು ತಂದ. ಕಪ್ಪೆಯಕ್ಕ ಹೊಸ ಪುಟ ತೆರೆದು ಮತ್ತೆ ಹೊರಅಂಚಿನಿಂದ ಶುರು ಮಾಡಿದಳು. ಅವಳು ಒಂದು ಗೆರೆ, ಮೇಡಂ ಒಂದು ಗೆರೆ. ಅವಳು ಕಾಲುವೆ, ಮೇಡಂ ಕಾಲುವೆ. ಕೊನೆಗೆ ಉಳಿದದ್ದು ಒಳಗಿವಿಯ ಸುರುಳಿ, ಬಸವನಹುಳುವಿನ ಚಿಪ್ಪಿನಂಥದ್ದು. ಮೌಸಿನಲ್ಲಿ ಅದೊಂದಕ್ಕೇ ಅರ್ಧ ದಿನ ಹಿಡಿಯುತ್ತಿತ್ತು, ಆದರೂ ಡೊಂಕಾಗಿಯೇ ಬರುತ್ತಿತ್ತು. ಕಪ್ಪೆಯಕ್ಕ ಪೆನ್ನು ಊರಿ, ತೋಳನ್ನು ಸಡಿಲ ಬಿಟ್ಟು, ಹೊರಗಿನಿಂದ ಒಳಕ್ಕೆ ಸುತ್ತಿದಳು. ದಪ್ಪವಾಗಿ ಹೊರಟ ಗೆರೆ ಸುತ್ತುತ್ತ ಸುತ್ತುತ್ತ ಸಣ್ಣಗಾಗಿ ನಡುವಿನಲ್ಲಿ ಬಂದು ಕರಗಿತು. ಒಂದೇ ಎಳೆತ!

"ಅಬ್ಬಾ" ಎಂದ ಶಾರ್ಟ್‌ಕಟ್. ಹೇಳಬೇಕೆಂದು ಹೇಳಿದ್ದಲ್ಲ, ಬಾಯಿಂದ ಬಿದ್ದುಹೋದದ್ದು.

ಮೇಡಂ ನಾಲಗೆಯ ತುದಿ ಕಚ್ಚಿಕೊಂಡು ತಮ್ಮ ಸುರುಳಿ ಮುಗಿಸಿದರು. ಪೆನ್ಸಿಲು ಕೆಳಗಿಟ್ಟು ಹಾಳೆಯನ್ನು ದೂರ ಹಿಡಿದು ನೋಡಿದರು. ಅಲ್ಲಿ ಒಂದು ಕಿವಿ ಇತ್ತು. ಅಲ್ಲಿ ಇಲ್ಲಿ ನಡುಗಿದ್ದರೂ ಯಾರು ನೋಡಿದರೂ ಕಿವಿ ಎನ್ನುವಂಥ ಕಿವಿ. ಅವರು ಕನ್ನಡಕ ತೆಗೆದರು.

"ನಂಗೆ ಚಿತ್ರ ಬರಲ್ಲ ಅಂತ ಕೆಲಸಕ್ಕೆ ಸೇರಿದಾಗಿಂದ ಮಕ್ಕಳ ಮುಂದೆ ಹೇಳ್ಕೊಂಡೇ ಬಂದೆ" ಎಂದರು. "ಬೋರ್ಡಿನ ಮೇಲೆ ಬರೆಯೋಕೆ ನಾಚ್ಕೊಂಡು, ಪುಸ್ತಕ ನೋಡ್ಕೊಳ್ಳಿ ಅಂದುಬಿಡ್ತಿದ್ದೆ. ಇವತ್ತು ಬಂತು ನೋಡಿ."

ಆಮೇಲೆ ಯಜಮಾನರ ಕಡೆ ತಿರುಗಿದರು. "ಪುಸ್ತಕ ನಿಮಗೇ. ಆದ್ರೆ ಒಂದೊಂದು ಚಿತ್ರವೂ ಇವರೇ ಬರೀಬೇಕು."

ಯಜಮಾನರಿಗೆ ಸಂತೋಷಕ್ಕೆ ಏನು ಮಾಡಬೇಕೆಂದು ತಿಳಿಯಲಿಲ್ಲ. "ಬರೀತಾಳೆ ಮೇಡಂ, ಬರೀತಾಳೆ! ನಾನೇ ಹೇಳ್ತಿದ್ದೆ, ನಮ್ಮ ಅಕ್ಕ ಇರೋವಾಗ…" ಎಂದು ಶುರು ಮಾಡಿದವರು, ಬೈಂಡಿಂಗಿನವರೆಲ್ಲ ತಮ್ಮನ್ನೇ ನೋಡುತ್ತಿರುವುದು ಕಂಡು ಅಲ್ಲಿಗೇ ನಿಲ್ಲಿಸಿದರು. ದನಿ ತಗ್ಗಿಸಿ ಅವಳನ್ನು ಕೇಳಿದರು. "ಕೈ ನೋವೇನಮ್ಮ? ಇವತ್ತಿಗೆ ಸಾಕಾ?"

"ಸಾಕು ಅಂತ ನಾನು ಹೇಳ್ತೀನಿ ಸಾರ್, ಹೇಳೋವಾಗ" ಎಂದಳು ಕಪ್ಪೆಯಕ್ಕ.

ಕೋಪದಿಂದ ಹೇಳಿದ್ದಲ್ಲ. ಎದೆಯೊಳಗೆ ಸಂತೋಷ ಹಿಡಿಸದೆ, ಮುಖವೆಲ್ಲ ನಗುವಾಗಿ, ಕಣ್ಣೊರೆಸಿಕೊಳ್ಳಲೂ ಮರೆತು ಹೇಳಿದ್ದು. ಬೈಂಡಿಂಗಿನವರು ಹಾಳೆಗಳನ್ನು ಬಿಟ್ಟು ಎದ್ದು ಬಂದು ಅವಳ ಕುರ್ಚಿಯ ಸುತ್ತ ನಿಂತಿದ್ದರು. ಅವಳು ಮಣಿಕಟ್ಟಿನ ಪಟ್ಟಿ ಬಿಚ್ಚಿ ಮೇಜಿನ ಮೇಲಿಟ್ಟು, ಬೆರಳುಗಳನ್ನು ಒಮ್ಮೆ ಮಡಚಿ ಬಿಚ್ಚಿ, ಪೆನ್ನು ಎತ್ತಿಕೊಂಡಳು.

"ಏ ಶಾರ್ಟ್‌ಕಟ್, ನಿಂತ್ಕೊಂಡು ಏನು ನೋಡ್ತೀಯಾ? ಕಣ್ಣಿನ ಪುಟ ತೆಗಿ. ಮೇಡಂ, ಇನ್ನೊಂದು ಹಾಳೆ ತಗೊಳ್ಳಿ."